ಮಕ್ಕಳ ಬೊಜ್ಜು: ಒಬ್ಬ ಡಾಕ್ಟರರಿಂದ ಮುಗಿಯುವ ಕೆಲಸವಲ್ಲ

(ಸುವರ್ಣ ಮಹೋತ್ಸವದ ಎರಡನೇ ದಿನ ಬೆಳಗಿನ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಾನು 2003ರಲ್ಲಿ ಇದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಆಮೇಲೆ ಪಿಯುಸಿ, ಬಿ.ಇ. ಮಾಡಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಸಮಿತಿಯವರು ಫೋನ್ ಮಾಡಿದಾಗ ಕಂಪ್ಯೂಟರ್ ಉದ್ಯೋಗಗಳ ಬಗ್ಗೆ ಮಾತಾಡಿ ಎಂದರು. ಆ ವಿಷಯವನ್ನು ನಿನ್ನೆ ನನ್ನ ಗೆಳೆಯರೊಬ್ಬರು ನನಗಿಂತ ಚೆನ್ನಾಗಿ ಹೇಳಿದ್ದಾರೆ. ನಾನು ಸಮಿತಿಯ ಒಪ್ಪಿಗೆ ಪಡೆದು ಬೇರೆ ವಿಷಯ ಆರಿಸಿಕೊಂಡಿದ್ದೇನೆ. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಬರುವ ಬೊಜ್ಜು, ಮತ್ತು ಅದಕ್ಕೆ ಹಲವರು ಸೇರಿ ಮಾಡಬೇಕಾದ ಚಿಕಿತ್ಸೆ. ನಾನು ಡಾಕ್ಟರ್ ಅಲ್ಲ. ಈ ಚಿಕಿತ್ಸೆಯನ್ನು ಮನೆಯೊಳಗೆ ಒಂದು ವರ್ಷಕ್ಕೂ ಮೇಲೆ ನಡೆಸಿದ ಒಬ್ಬ ತಂದೆ. ಹಾಗಾಗಿ ಓದಿ ತಿಳಿದದ್ದು ಸ್ವಲ್ಪ, ಮಾಡಿ ತಿಳಿದದ್ದು ಸ್ವಲ್ಪ, ಎರಡನ್ನೂ ಹೇಳುತ್ತೇನೆ.

ಕೆಲವರಿಗೆ ಇದು ಪೇಟೆಯವರ ಕಾಯಿಲೆ, ಹಳ್ಳಿ ಶಾಲೆಯಲ್ಲಿ ಇದರ ಮಾತೇಕೆ ಅನ್ನಿಸಬಹುದು. ನ್ಯಾಯವಾದ ಪ್ರಶ್ನೆ. ಮೊದಲು ಲೆಕ್ಕ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 5ರಿಂದ 19 ವರ್ಷದೊಳಗಿನ 39 ಕೋಟಿಗೂ ಹೆಚ್ಚು ಮಕ್ಕಳ ತೂಕ ಇರಬೇಕಾದ್ದಕ್ಕಿಂತ ಹೆಚ್ಚಿತ್ತು. ಅವರಲ್ಲಿ 16 ಕೋಟಿ ಮಕ್ಕಳಿಗೆ ಬೊಜ್ಜಿನ ಕಾಯಿಲೆ. ನಮ್ಮ ದೇಶದಲ್ಲಿ 1990ರಲ್ಲಿ ಬೊಜ್ಜಿರುವ ಇಂಥ ಮಕ್ಕಳು ಸುಮಾರು 4 ಲಕ್ಷ ಇದ್ದರು. 2022ಕ್ಕೆ ಅದು ಸುಮಾರು 1 ಕೋಟಿ 25 ಲಕ್ಷ ಆಯಿತು. ಒಂದು ತಲೆಮಾರಿನೊಳಗೆ ಆದ ಬದಲಾವಣೆ ಇದು.

ಇನ್ನೊಂದು ಲೆಕ್ಕವನ್ನೂ ಪಕ್ಕದಲ್ಲೇ ಇಟ್ಟುಕೊಳ್ಳಬೇಕು. 2016ರಿಂದ 2018ರವರೆಗೆ ಕೇಂದ್ರ ಸರ್ಕಾರ ಮಕ್ಕಳ ಪೌಷ್ಟಿಕತೆಯ ಸಮಗ್ರ ಸಮೀಕ್ಷೆ ನಡೆಸಿತು. ಅದರಲ್ಲಿ 10ರಿಂದ 19 ವರ್ಷದವರ ಪೈಕಿ ಶೇಕಡ 24 ಮಂದಿ ವಯಸ್ಸಿಗೆ ತಕ್ಕ ಮೈ ಇಲ್ಲದ ಬಡಕಲು ಮಕ್ಕಳು, ಶೇಕಡ 5 ಮಂದಿ ಹೆಚ್ಚು ತೂಕದವರು. ಅಂದರೆ ಒಂದೇ ಬೆಂಚಿನಲ್ಲಿ ರಕ್ತ ಸಾಲದ ಹುಡುಗಿಯೂ ಬೊಜ್ಜಿರುವ ಹುಡುಗನೂ ಕೂತಿರುತ್ತಾರೆ. ಹಳೆಯ ಕಷ್ಟ ಮುಗಿದಿಲ್ಲ, ಅದರ ಮೇಲೆ ಹೊಸದು ಬಂದಿದೆ. ಅದೇ ಸಮೀಕ್ಷೆಯಲ್ಲಿ ಶಾಲಾ ವಯಸ್ಸಿನ ಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ರಕ್ತದ ಸಕ್ಕರೆ ಮಧುಮೇಹದ ಹೊಸ್ತಿಲಲ್ಲಿತ್ತು. ಸಕ್ಕರೆ ಕಾಯಿಲೆ ಐವತ್ತು ದಾಟಿದವರಿಗೆ ಬರುವುದು ಎಂದುಕೊಂಡಿರುವ ಊರಿನಲ್ಲಿ ಈ ಮಾತು ಹೇಳಲೇಬೇಕು.

ಮಗು ಗುಂಡುಗುಂಡಾಗಿದ್ದರೆ ನಮಗೆ ಖುಷಿ. ದೃಷ್ಟಿ ತೆಗೆಯುತ್ತೇವೆ. "ಬೆಳೆಯೋ ಹುಡುಗ, ಎತ್ತರ ಆದರೆ ಸರಿಹೋಗುತ್ತೆ" ಎನ್ನುತ್ತೇವೆ. ಕಣ್ಣಳತೆಯಲ್ಲಿ ಇದನ್ನು ತೀರ್ಮಾನಿಸಲು ಬರುವುದಿಲ್ಲ, ಅಳೆಯಬೇಕು. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿಗೆ ಬಿಎಂಐ ಎನ್ನುತ್ತಾರೆ. ದೊಡ್ಡವರಿಗೆ ಈ ಅಂಕಿಯೊಂದೇ ಸಾಕಾಗುತ್ತದೆ. ಮಕ್ಕಳಿಗೆ ಸಾಲದು. ಬಿಎಂಐ 22 ಇದ್ದರೆ ನನ್ನಂಥವನಿಗೆ ಸರಿಯಾದ ತೂಕ. ಎಂಟು ವರ್ಷದ ಮಗುವಿಗೆ ಅದೇ 22 ಬಂದರೆ ಬೊಜ್ಜು. ಹಾಗಾಗಿ ವಯಸ್ಸು ಮತ್ತು ಗಂಡೋ ಹೆಣ್ಣೋ ನೋಡಿ ನಕ್ಷೆಯಲ್ಲಿ ಗುರುತು ಹಾಕಬೇಕು. ಭಾರತೀಯ ಮಕ್ಕಳ ತಜ್ಞರ ಸಂಘ 2015ರಲ್ಲಿ 5ರಿಂದ 18 ವರ್ಷದ ನಮ್ಮ ಮಕ್ಕಳಿಗೆಂದೇ ಇಂಥ ನಕ್ಷೆ ಮಾಡಿಕೊಟ್ಟಿದೆ. ಮನೆಯಲ್ಲಿ ಮಾಡಬಹುದಾದ ಸುಲಭದ ಪರೀಕ್ಷೆಯೂ ಒಂದಿದೆ. ಒಂದು ದಾರದಲ್ಲಿ ಮಗುವಿನ ಎತ್ತರ ಅಳೆದು, ಅದನ್ನು ಅರ್ಧಕ್ಕೆ ಮಡಚಿ ಸೊಂಟದ ಸುತ್ತ ಹಿಡಿಯಿರಿ. ದಾರದ ತುದಿಗಳು ಕೂಡದಿದ್ದರೆ ಡಾಕ್ಟರಿಗೆ ತೋರಿಸುವ ಹೊತ್ತು ಬಂದಿದೆ ಎಂದರ್ಥ.

ಇನ್ನು ಕೆಲವು ಗುರುತುಗಳು ನಮ್ಮ ಕಣ್ಣೆದುರೇ ಇರುತ್ತವೆ. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪಗಾಗುವುದು ಒಂದು. ಕೊಳೆ ಎಂದು ತಾಯಂದಿರು ತೆಂಗಿನ ನಾರು ಹಾಕಿ ಉಜ್ಜುತ್ತಾರೆ. ಅದು ಕೊಳೆಯಲ್ಲ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಸೂಚನೆ ಅದು. ಮಲಗಿದಾಗ ಗೊರಕೆ, ಮಧ್ಯೆ ಉಸಿರು ಕಟ್ಟಿದಂತಾಗುವುದು, ಹಗಲು ತರಗತಿಯಲ್ಲಿ ತೂಕಡಿಕೆ. ಮಂಡಿನೋವು. ಹೆಣ್ಣುಮಕ್ಕಳಲ್ಲಿ ತಿಂಗಳುಗಟ್ಟಲೆ ಮುಟ್ಟು ನಿಲ್ಲುವುದು. ಬಹಳ ಜನ ನೇರವಾಗಿ ಥೈರಾಯ್ಡ್ ಪರೀಕ್ಷೆಗೆ ಓಡುತ್ತಾರೆ. ಹಾರ್ಮೋನಿನ ತೊಂದರೆಯಿಂದ ದಪ್ಪಗಾದ ಮಗು ಸಾಮಾನ್ಯವಾಗಿ ಎತ್ತರ ಬೆಳೆಯುವುದಿಲ್ಲ. ತೂಕವೂ ಹೆಚ್ಚು, ಎತ್ತರವೂ ವಯಸ್ಸಿಗೆ ತಕ್ಕಂತೆ ಇದೆ ಎಂದಾದರೆ ಕಾರಣ ಹೆಚ್ಚಾಗಿ ಊಟ, ಆಟ, ನಿದ್ದೆ ಮತ್ತು ಮನೆತನದ ಗುಣ, ಇವುಗಳಲ್ಲೇ ಸಿಗುತ್ತದೆ ಎಂದು ನಮ್ಮ ಡಾಕ್ಟರು ಹೇಳಿದರು.

ಈಗ ನನ್ನ ಮಗನ ವಿಷಯಕ್ಕೆ ಬರುತ್ತೇನೆ. ಇಲ್ಲಿ ಹೇಳಲೇ ಎಂದು ಅವನನ್ನೇ ಕೇಳಿದೆ. "ಹೆಸರು ಹೇಳ್ಬೇಡ ಅಪ್ಪ, ಮಿಕ್ಕಿದ್ದು ಹೇಳು" ಎಂದ. ಅವನಿಗೆ ಹನ್ನೆರಡು ವರ್ಷವಿದ್ದಾಗ 148 ಸೆಂಟಿಮೀಟರ್ ಎತ್ತರ, 58 ಕಿಲೋ ತೂಕ. ಬಿಎಂಐ ಇಪ್ಪತ್ತಾರೂವರೆ. ಮಂಡಿ ನೋವೆಂದು ಮೆಟ್ಟಿಲು ಹತ್ತುತ್ತಿರಲಿಲ್ಲ. ಸೋಮವಾರ ಬಂತೆಂದರೆ ಹೊಟ್ಟೆನೋವು. ಅದು ಯಾಕೆ ಸೋಮವಾರವೇ ಬರುತ್ತದೆಂದು ಆಮೇಲೆ ತಿಳಿಯಿತು. ಅಂದು ಆಟದ ಪೀರಿಯಡ್. ತಂಡ ಆರಿಸುವಾಗ ಇವನನ್ನು ಯಾರೂ ಕರೆಯುತ್ತಿರಲಿಲ್ಲ, ಕರೆದರೂ ಅಡ್ಡಹೆಸರಿನಿಂದ.

ಮಕ್ಕಳ ಡಾಕ್ಟರು ರಕ್ತದೊತ್ತಡ, ಸಕ್ಕರೆ, ಯಕೃತ್ತು ಎಲ್ಲ ಪರೀಕ್ಷಿಸಿದರು. ಯಕೃತ್ತಿನಲ್ಲಿ ಕೊಬ್ಬು ಶುರುವಾಗಿತ್ತು. ಮಾತ್ರೆಗಳ ಚೀಟಿ ಬರೆಯುತ್ತಾರೆಂದು ಕಾದೆವು. ಅವರು ಬರೆದದ್ದು ಮೂರು ಜನರ ಹೆಸರು. ಆಹಾರ ತಜ್ಞೆ ಒಬ್ಬರು, ಮನಶ್ಶಾಸ್ತ್ರಜ್ಞೆ ಒಬ್ಬರು, ಫಿಸಿಯೋಥೆರಪಿ ಮಾಡುವವರು ಒಬ್ಬರು. "ನನ್ನೊಬ್ಬನಿಂದ ಆಗುವ ಕೆಲಸ ಅಲ್ಲ ಇದು. ಮನೆಯವರೆಲ್ಲ ಬರಬೇಕು, ಅಜ್ಜಿಯೂ ಸೇರಿ" ಎಂದರು.

ಆಹಾರ ತಜ್ಞೆ ಮೊದಲ ದಿನ ಏನನ್ನೂ ಬಿಡಿ ಎನ್ನಲಿಲ್ಲ. ಒಂದು ವಾರ ಮನೆಯವರೆಲ್ಲರೂ ತಿಂದದ್ದನ್ನು ಬರೆದು ತನ್ನಿ ಎಂದರು. ಬರೆದಾಗ ಗೊತ್ತಾಯಿತು, ಊಟಕ್ಕಿಂತ ಊಟದ ನಡುವಿನದೇ ಹೆಚ್ಚು. ಟ್ಯೂಷನ್‌ಗೆ ಹೋಗುವಾಗ ಒಂದು ಚಿಪ್ಸ್ ಪೊಟ್ಟಣ, ಬರುವಾಗ ಒಂದು ತಂಪು ಪಾನೀಯ. 300 ಮಿಲಿಲೀಟರ್ ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ, ಆರು ಚಮಚಕ್ಕೂ ಮೇಲೆ. ನಮ್ಮಮ್ಮ "ರಾಗಿ ಮುದ್ದೆ ತಿಂದರೆ ಎಲ್ಲ ಸರಿಹೋಗುತ್ತೆ" ಎಂದಾಗ ಆಕೆ ಚೆನ್ನಾಗಿ ವಿವರಿಸಿದರು. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶ ಹೆಚ್ಚು, ತಿನ್ನಲಿ. ಆದರೆ ಶಕ್ತಿಯ ಲೆಕ್ಕದಲ್ಲಿ ರಾಗಿ ಅಕ್ಕಿಗೆ ಹೆಚ್ಚು ಕಡಿಮೆಯಿಲ್ಲ. ಹೊಲ ಉಳುವವರ ಮುದ್ದೆ ಕೂತು ಓದುವವನಿಗೆ ಬೇಡ. ಮುದ್ದೆ ಚಿಕ್ಕದಾಗಲಿ, ಜೊತೆಗೆ ಸೊಪ್ಪು, ಕಾಳಿನ ಸಾರು ದೊಡ್ಡದಾಗಲಿ. ಅಂದಿನಿಂದ ನಮ್ಮಮ್ಮನೇ ಅಡುಗೆಮನೆಯ ಮುಖ್ಯ ಚಿಕಿತ್ಸಕಿ. ಹುರುಳಿ ಸಾರು, ಬಸ್ಸಾರು, ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿ, ನೀರು ಮಜ್ಜಿಗೆ ಮತ್ತೆ ಮನೆಗೆ ಬಂದವು. ಇಡೀ ಮನೆಗೆ ಒಂದೇ ಅಡುಗೆ. ಅವನಿಗೊಂದು ತಟ್ಟೆ, ತಂಗಿಗೊಂದು ತಟ್ಟೆ ಎಂಬ ಭೇದ ಇಲ್ಲ.

ಫಿಸಿಯೋಥೆರಪಿಯವರು ಓಡು ಎನ್ನಲಿಲ್ಲ. ಮಂಡಿಗೆ ಭಾರ ಬೀಳದ ವ್ಯಾಯಾಮ, ಸೈಕಲ್, ಈಜು ಇವುಗಳಿಂದ ಶುರು ಮಾಡಿಸಿದರು. ದಿನಕ್ಕೆ ಒಂದು ಗಂಟೆ ಮೈ ಬೆವರುವಷ್ಟು ಆಟ ಬೇಕೆಂಬುದು ಈ ವಯಸ್ಸಿನವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಲ್ಲಿಗೆ ತಲುಪಲು ನಮಗೆ ನಾಲ್ಕು ತಿಂಗಳು ಹಿಡಿಯಿತು.

ಮನಶ್ಶಾಸ್ತ್ರಜ್ಞೆಯ ಕೆಲಸ ಏನೆಂದು ಮೊದಲು ಮನೆಯಲ್ಲಿ ಯಾರಿಗೂ ಅರ್ಥವಾಗಿರಲಿಲ್ಲ. ಹುಡುಗನಿಗೆ ತಲೆ ಸರಿಯಿದೆಯಲ್ಲ ಎಂದು ನೆಂಟರೊಬ್ಬರು ಕೇಳಿದರು. ಸೋಮವಾರದ ಹೊಟ್ಟೆನೋವಿನ ಗುಟ್ಟು ಬಿಚ್ಚಿದ್ದು ಆಕೆಯೇ. ಬೇಸರವಾದಾಗ ತಿನ್ನುವುದು, ತಿಂದದ್ದಕ್ಕೆ ಮತ್ತೆ ಬೇಸರಪಡುವುದು, ಈ ಸುತ್ತಿನಿಂದ ಹೊರಬರುವ ಸಣ್ಣಸಣ್ಣ ಉಪಾಯಗಳನ್ನು ಅವನಿಗೆ ಹೇಳಿಕೊಟ್ಟರು. ನಮಗೂ ಹೇಳಿದರು: ತೂಕ ಇಳಿದರೆ ಹೊಗಳಬೇಡಿ, ಆಡಲು ಹೋದರೆ ಹೊಗಳಿ. ಬಹುಮಾನವಾಗಿ ತಿಂಡಿ ಕೊಡಬೇಡಿ. ರಾತ್ರಿ ಹತ್ತರ ನಂತರ ಮೊಬೈಲು ಯಾರ ಕೈಯಲ್ಲೂ ಬೇಡ, ಅಪ್ಪನ ಕೈಯಲ್ಲೂ. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನಿದ್ದೆ ಕೆಟ್ಟರೆ ಹಸಿವು ಹೆಚ್ಚುತ್ತದೆ.

ಹದಿನಾಲ್ಕು ತಿಂಗಳಾದ ಮೇಲೆ ಅವನ ಎತ್ತರ 156, ತೂಕ 57. ಇಳಿದದ್ದು ಒಂದೇ ಕಿಲೋ. ನೆಂಟರು "ಇಷ್ಟೇನಾ?" ಎಂದರು. ಲೆಕ್ಕ ಹಾಕಿ ನೋಡಿ, ಬಿಎಂಐ ಇಪ್ಪತ್ತಾರೂವರೆಯಿಂದ ಇಪ್ಪತ್ಮೂರೂವರೆಗೆ ಬಂದಿದೆ. ಬೆಳೆಯುವ ಮಕ್ಕಳ ವಿಷಯದಲ್ಲಿ ಇದು ದೊಡ್ಡ ಅನುಕೂಲ. ಹೆಚ್ಚಿನವರು ಸಣ್ಣಗಾಗಬೇಕಿಲ್ಲ, ತೂಕ ನಿಂತರೆ ಸಾಕು, ಎತ್ತರ ತನ್ನ ಕೆಲಸ ಮಾಡುತ್ತದೆ. ನಕ್ಷೆಯಲ್ಲಿ ಅವನು ಇನ್ನೂ ಗೆರೆಯ ಮೇಲೇ ಇದ್ದಾನೆ. ಆದರೆ ಗೊರಕೆ ನಿಂತಿದೆ. ಸೋಮವಾರ ಹೊಟ್ಟೆನೋವಿಲ್ಲ.

ಇದು ನಮ್ಮ ಒಂದು ಮನೆಯ ಕಥೆ. ಒಂದು ಮನೆಯ ಕಥೆಯಿಂದ ಸಾಬೀತಾಗುವುದು ಏನೂ ಇಲ್ಲ, ಆದ್ದರಿಂದ ದೊಡ್ಡ ಪ್ರಯೋಗಗಳ ಮಾತು ಹೇಳುತ್ತೇನೆ. ಅಮೆರಿಕದ ಲಿಯೊನಾರ್ಡ್ ಎಪ್‌ಸ್ಟೈನ್ ಎಂಬ ಮನಶ್ಶಾಸ್ತ್ರಜ್ಞರು 6ರಿಂದ 12 ವರ್ಷದ ಮಕ್ಕಳನ್ನು ಹತ್ತು ವರ್ಷ ಗಮನಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಗುವಿಗೆ ಮಾತ್ರ ಹೇಳಿಕೊಟ್ಟ ಮನೆಗಳಿಗಿಂತ ಮಗು ಮತ್ತು ತಂದೆತಾಯಿ ಇಬ್ಬರನ್ನೂ ಸೇರಿಸಿಕೊಂಡ ಮನೆಗಳ ಮಕ್ಕಳು ಹತ್ತು ವರ್ಷದ ನಂತರವೂ ಚೆನ್ನಾಗಿದ್ದರು. ಅವರು ಆಹಾರವನ್ನು ಟ್ರಾಫಿಕ್ ದೀಪದಂತೆ ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿದ್ದರು. ಐದು ವರ್ಷದ ಮಗುವಿಗೂ ಅದು ಅರ್ಥವಾಗುತ್ತದೆ.

ಯೇಲ್ ವಿಶ್ವವಿದ್ಯಾಲಯದವರು 'ಬ್ರೈಟ್ ಬಾಡೀಸ್' ಎಂಬ ಕಾರ್ಯಕ್ರಮ ನಡೆಸಿ 2007ರಲ್ಲಿ ವರದಿ ಕೊಟ್ಟರು. 8ರಿಂದ 16 ವರ್ಷದ ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರು ತಿಂಗಳಿಗೊಮ್ಮೆ ಕ್ಲಿನಿಕ್ಕಿನಲ್ಲಿ ಸಲಹೆ. ಇನ್ನೊಂದು ಗುಂಪಿಗೆ ವಾರಕ್ಕೆರಡು ಸಲ ವ್ಯಾಯಾಮ, ಒಂದು ಸಲ ಮನೆಯವರ ಜೊತೆ ಊಟ ಮತ್ತು ನಡವಳಿಕೆಯ ಪಾಠ; ಆರು ತಿಂಗಳ ನಂತರ ಎರಡು ವಾರಕ್ಕೊಮ್ಮೆ. ವರ್ಷದ ಕೊನೆಗೆ ಬರೀ ಸಲಹೆ ಪಡೆದವರ ತೂಕ ಸರಾಸರಿ 7.7 ಕಿಲೋ ಏರಿತ್ತು. ಎರಡನೇ ಗುಂಪಿನವರದು 0.3 ಕಿಲೋ ಮಾತ್ರ. ಎಲ್ಲರೂ ಕೊನೆಯವರೆಗೆ ಉಳಿಯಲಿಲ್ಲ, ಅರ್ಧಕ್ಕೆ ಬಿಟ್ಟವರೂ ಇದ್ದರು. ಆದರೂ ಪಾಠ ಸ್ಪಷ್ಟ: ಆರು ತಿಂಗಳಿಗೊಂದು ಬುದ್ಧಿಮಾತು ಸಾಲದು. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2023ರಲ್ಲಿ ಇದಕ್ಕೆ ಅಂಕಿಯನ್ನೇ ಕೊಟ್ಟಿತು. 3ರಿಂದ 12 ತಿಂಗಳಲ್ಲಿ ಕನಿಷ್ಠ 26 ಗಂಟೆ ಮುಖಾಮುಖಿ ಕೂತು, ಇಡೀ ಕುಟುಂಬದೊಂದಿಗೆ ಕೆಲಸ ಮಾಡಬೇಕು. ನಮ್ಮ ಭಾರತೀಯ ಮಕ್ಕಳ ತಜ್ಞರ ಸಂಘವೂ 2023ರಲ್ಲಿ ಹೊಸ ಮಾರ್ಗಸೂಚಿ ಕೊಟ್ಟಿದೆ.

ಔಷಧ ಇಲ್ಲವೇ ಎಂದರೆ ಇದೆ. ಸೆಮಾಗ್ಲುಟೈಡ್ ಎಂಬ ವಾರಕ್ಕೊಂದು ಚುಚ್ಚುಮದ್ದಿಗೆ ಅಮೆರಿಕದಲ್ಲಿ 2022ರಲ್ಲಿ 12 ವರ್ಷ ದಾಟಿದವರಿಗೂ ಒಪ್ಪಿಗೆ ಸಿಕ್ಕಿತು. ಬೊಜ್ಜು ತೀರಾ ಹೆಚ್ಚಾದ ಹದಿಹರೆಯದವರಿಗೆ ಶಸ್ತ್ರಚಿಕಿತ್ಸೆಯೂ ಉಂಟು. ಇವೆರಡೂ ತಜ್ಞರ ಕೈಯಲ್ಲಿರಬೇಕಾದವು. ಮಾಡಿದರೂ ಊಟ, ಆಟ, ಮನಸ್ಸಿನ ಚಿಕಿತ್ಸೆಯ ಜೊತೆಗೇ ಮಾಡುವಂಥವು. ಮೊಬೈಲಿನಲ್ಲಿ ಬರುವ ಪುಡಿ, ಕಷಾಯ, ಬೆಲ್ಟುಗಳ ಜಾಹೀರಾತು ನೋಡಿ ಮಕ್ಕಳಿಗೆ ಏನನ್ನೂ ಕೊಡಬೇಡಿ.

ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆ ನನಗೆ ಗೊತ್ತು. ಬೆಂಗಳೂರಿನಲ್ಲಿ ನಾಲ್ಕು ಜನ ತಜ್ಞರು ಸಿಗುತ್ತಾರೆ, ಅವರ ಫೀಸು ಕೊಡುವ ಸಂಬಳ ನಿನಗಿದೆ, ನಮ್ಮೂರಲ್ಲಿ ಯಾರಿದ್ದಾರೆ? ಎರಡು ವಾರ ಇದನ್ನೇ ಯೋಚಿಸಿದೆ. ತಂಡ ಇಲ್ಲಿಯೂ ಇದೆ. ಒಬ್ಬರಿಗೊಬ್ಬರು ಮಾತಾಡಿಕೊಂಡಿಲ್ಲ, ಅಷ್ಟೆ. ವರ್ಷಕ್ಕೊಮ್ಮೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಗಾಡಿ ಶಾಲೆಗೆ ಬರುತ್ತದೆ, ಅದರಲ್ಲಿ ಡಾಕ್ಟರಿರುತ್ತಾರೆ. ಹದಿಹರೆಯದವರಿಗೆಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇವೆ, ಅಲ್ಲಿ ಆಪ್ತಸಮಾಲೋಚಕರು ಮಾತಾಡುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರವಿದೆ, ಆಶಾ ಅಕ್ಕಂದಿರಿದ್ದಾರೆ. ಬಿಸಿಯೂಟದ ಅಡುಗೆಯಮ್ಮಂದಿರು ದಿನಕ್ಕೆ ಇನ್ನೂರು ಮಕ್ಕಳಿಗೆ ಬಡಿಸುತ್ತಾರೆ. ಯಾವ ಆಹಾರ ತಜ್ಞರಿಗೂ ಇಷ್ಟು ಮಕ್ಕಳ ತಟ್ಟೆ ಕಾಣುವುದಿಲ್ಲ. ಪಿ.ಇ. ಮೇಷ್ಟ್ರಿದ್ದಾರೆ. ಮನೆಗಳಲ್ಲಿ ಅಜ್ಜಿಯರಿದ್ದಾರೆ. 26 ಗಂಟೆ ಎಂದರೆ ವಾರಕ್ಕೆ ಅರ್ಧ ಗಂಟೆಯಂತೆ ಒಂದು ವರ್ಷ. ತಜ್ಞರ ಜಾಗವನ್ನು ನಾವು ತುಂಬಲಾಗದು. ಆದರೆ ಯಾವ ಮಗುವಿಗೆ ತಜ್ಞರು ಬೇಕೆಂದು ಬೇಗ ಗುರುತಿಸಲು, ಉಳಿದವರು ಅಲ್ಲಿಯವರೆಗೆ ಹೋಗದಂತೆ ನೋಡಿಕೊಳ್ಳಲು ಈ ತಂಡ ಸಾಕು.

ಹಾಗಾಗಿ ಹಳೆಯ ವಿದ್ಯಾರ್ಥಿ ಸಂಘದ ಮುಂದೆ ಮೂರು ಕೋರಿಕೆ ಇಡುತ್ತೇನೆ.

ಮೊದಲನೆಯದು, ವರ್ಷಕ್ಕೆರಡು ಸಲ ಎಲ್ಲ ಮಕ್ಕಳ ಎತ್ತರ, ತೂಕ ಅಳೆಯೋಣ. ತೂಕದ ಯಂತ್ರ, ಎತ್ತರದ ಪಟ್ಟಿ ನಾನು ತಂದಿದ್ದೇನೆ, ಆಫೀಸಿನಲ್ಲಿಟ್ಟಿದ್ದೇನೆ. ಅಂಕಿ ಹಾಕಿದರೆ ನಕ್ಷೆ ತೋರಿಸುವ ಚಿಕ್ಕ ಪ್ರೋಗ್ರಾಂ ಬರೆದು ಶಾಲೆಯ ಕಂಪ್ಯೂಟರಿಗೆ ಹಾಕಿಕೊಡುತ್ತೇನೆ. ಬಡಕಲು ಮಗುವೂ ಅದರಲ್ಲೇ ಗೊತ್ತಾಗುತ್ತದೆ. ಒಂದು ಷರತ್ತು: ಅಳೆಯುವುದು ಒಳಗಿನ ಕೋಣೆಯಲ್ಲಿ, ಒಬ್ಬೊಬ್ಬರನ್ನೇ ಕರೆದು. ಅಂಕಿಯನ್ನು ತರಗತಿಯಲ್ಲಿ ಕೂಗಬಾರದು. ಡುಮ್ಮ, ಡುಮ್ಮಿ, ಕಡ್ಡಿ ಎಂಬ ಹೆಸರುಗಳು ಶಿಕ್ಷಕರ ಬಾಯಲ್ಲಿ ಬರಬಾರದು. ಅವಮಾನದಿಂದ ಯಾವ ಮಗುವೂ ಸಣ್ಣಗಾಗಿಲ್ಲ, ಆಟ ಬಿಟ್ಟಿವೆ ಅಷ್ಟೆ.

ಎರಡನೆಯದು, ಗೇಟಿನ ಮುಂದಿನ ಅಂಗಡಿಗಳು. ಅತಿಯಾದ ಕೊಬ್ಬು, ಸಕ್ಕರೆ, ಉಪ್ಪಿರುವ ತಿನಿಸನ್ನು ಶಾಲೆಯ ಆವರಣದಲ್ಲಿ, ಅದರ ಸುತ್ತ 50 ಮೀಟರ್ ಒಳಗೆ ಮಕ್ಕಳಿಗೆ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಅಂಗಡಿಯವರು ನಮ್ಮವರೇ, ಅವರ ಹೊಟ್ಟೆಪಾಡು ನಮಗೂ ಗೊತ್ತು. ನಿಯಮ ಹಿಡಿದು ಜಗಳಕ್ಕೆ ಹೋಗುವುದು ಬೇಡ. ಬೇಯಿಸಿದ ಕಡಲೆಕಾಯಿ, ಸೀಬೆಹಣ್ಣು, ಬಾಳೆಹಣ್ಣು, ಮಜ್ಜಿಗೆ ಇಟ್ಟರೆ ಮೊದಲ ಆರು ತಿಂಗಳು ಮಾರಾಟವಾಗದೆ ಉಳಿದದ್ದನ್ನು ಸಂಘವೇ ಕೊಳ್ಳಲಿ. ಅದರಲ್ಲಿ ನನ್ನ ಪಾಲು ನಾನು ಕೊಡುತ್ತೇನೆ.

ಮೂರನೆಯದು ಸ್ವಲ್ಪ ಕಷ್ಟದ ಮಾತು. ಸುವರ್ಣ ಸಭಾಭವನವನ್ನು ಮೈದಾನದ ಉತ್ತರ ಬದಿಯಲ್ಲಿ, ಈಗ ಖೋಖೋ ಅಂಕಣ ಇರುವಲ್ಲಿ ಕಟ್ಟುವ ಪ್ರಸ್ತಾಪವಿದೆ. ನಾಳೆ ಸಭೆಯಲ್ಲಿ ತೀರ್ಮಾನವಾಗಲಿದೆ. ಭವನ ಬೇಕು, ಮಳೆಗಾಲದಲ್ಲಿ ಪ್ರಾರ್ಥನೆಗೂ ಜಾಗವಿಲ್ಲ ಎಂಬುದು ನಿಜ. ಅದಕ್ಕೆ ನಾನೂ ದೇಣಿಗೆ ಬರೆಸಿದ್ದೇನೆ, ಹಿಂದೆಗೆಯುವುದಿಲ್ಲ. ಆದರೆ ಅಲ್ಲಿ ಕಟ್ಟಿದರೆ ಉಳಿಯುವುದು ವಾಲಿಬಾಲ್ ಆಡುವಷ್ಟು ಜಾಗ, ಅದನ್ನು ಹತ್ತನೇ ತರಗತಿಯ ಹುಡುಗರು ಹಿಡಿದುಕೊಳ್ಳುತ್ತಾರೆ. ಖೋಖೋ ಅಂಕಣ ಈ ಶಾಲೆಯಲ್ಲಿ ಹೆಣ್ಣುಮಕ್ಕಳು ಓಡುವ ಒಂದೇ ಜಾಗ. ದೊಡ್ಡವರಾದ ಮೇಲೆ ನಮ್ಮ ಹುಡುಗಿಯರು ಊರ ಬೀದಿಯಲ್ಲಿ ಆಡುವುದಿಲ್ಲ, ಆಡಲು ಬಿಡುವುದೂ ಇಲ್ಲ. ಅವರಿಗಿರುವುದು ಶಾಲೆಯ ಈ ನಲವತ್ತು ನಿಮಿಷ. ಭವನವನ್ನು ಹಳೆಯ ಕೊಠಡಿಗಳ ಮೇಲೆ ಎತ್ತಲು ಆಗುತ್ತದೆಯೇ ಎಂದು ಒಬ್ಬ ಸಿವಿಲ್ ಇಂಜಿನಿಯರರಿಂದ ನೋಡಿಸೋಣ. ಆಗುವುದಿಲ್ಲವೆಂದಾದರೆ ಹಿಂದಿನ ನೀರಿನ ಟ್ಯಾಂಕಿನ ಜಾಗವಿದೆ. ಖರ್ಚು ಹೆಚ್ಚಾದರೆ ನಮ್ಮ ಬ್ಯಾಚಿನವರು ಹೊರಲು ಒಪ್ಪಿದ್ದಾರೆ. ನಾಳೆ ತೀರ್ಮಾನಿಸುವ ಮೊದಲು ಎಂಟನೇ ತರಗತಿಯ ಹುಡುಗಿಯರನ್ನು ಒಂದು ಮಾತು ಕೇಳಿ ಎಂದಷ್ಟೇ ನನ್ನ ಬೇಡಿಕೆ.

ಕಟ್ಟಡ ಇವತ್ತಲ್ಲದಿದ್ದರೆ ಐದು ವರ್ಷ ಬಿಟ್ಟು ಕಟ್ಟಬಹುದು. ಹನ್ನೆರಡು ವರ್ಷದ ಮಗು ಐದು ವರ್ಷ ಕಾಯುವುದಿಲ್ಲ, ಅಷ್ಟರಲ್ಲಿ ಹದಿನೇಳಾಗಿರುತ್ತದೆ.  ಊಟದ ನಂತರ ತೂಕದ ಯಂತ್ರದ ಹತ್ತಿರ ಇರುತ್ತೇನೆ. ಮೊದಲು ನನ್ನ ತೂಕ ನೋಡಿ, ಆಮೇಲೆ ನಿಮ್ಮ ಮಕ್ಕಳನ್ನು ಕರೆತನ್ನಿ.